ಅನಾಗರಿಕರು ಯಾರು?

ಶತ್ರುವಿನ ಅಪರಾಧವನ್ನು ಲೋಕಕ್ಕೆ ಸಾರುವುದು ಯುದ್ಧಕಾಲದಲ್ಲಿ ಪತ್ರಿಕೆಗಳ ಕರ್ತವ್ಯವೆನ್ನಬಹುದು. ಆತನ ಮನುಷ್ಯತ್ವವನ್ನೇ ಅಲ್ಲಗಳೆಯುವುದು ಅಧರ್ಮ. ಎರಡನೆಯ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕದ ಸ್ವಾಹಿಲಿ ಪತ್ರಿಕೆಗಳ ಮೂಲಕ ಬ್ರಿಟಿಷ್ ಆಡಳಿತವು ನಡೆಸಿದುದು ಇಂತಹ ಅಧರ್ಮವನ್ನೇ.

ಟಾಂಗನೀಕದ ಸರ್ಕಾರವು 1923ರಿಂದ ಹೊರಡಿಸುತ್ತಿದ್ದ ‘ಮಾಂಬೊ ಲೇಯೊ’, 1939ರಲ್ಲಿ ನೈರೋಬಿಯಲ್ಲಿ ಆರಂಭವಾದ ‘ಬರಾಜಾ’, ಸಿಪಾಯಿಗಳಿಗಾಗಿಯೇ ಅಚ್ಚಾದ ‘ಅಸ್ಕಾರಿ’, ‘ಹೇಶಿಮಾ’ ಇವೆಲ್ಲವೂ ಆಡಳಿತದ ಅಂಕೆಯಲ್ಲಿಯೋ ಆಶ್ರಯದಲ್ಲಿಯೋ ನಡೆದವು. 1930ರ ದಶಕದಲ್ಲಿ, ಕಾಂಗೋ ಜಲಾನಯನದ ಒಪ್ಪಂದಗಳಂತೆ ಎಲ್ಲ ದೇಶಗಳ ಸರಕಿಗೂ ಸಮಾನ ಪ್ರವೇಶವಿದ್ದುದರಿಂದ, ಜಪಾನಿನ ಅಗ್ಗದ ಹತ್ತಿಬಟ್ಟೆಯು ಅಲ್ಲಿನ ಅಂಗಡಿಗಳನ್ನು ತುಂಬಿತ್ತು. ಆಗ ಜಪಾನೀಯನು ನೇಕಾರ, ವರ್ತಕ. 1941ರ ಡಿಸೆಂಬರಿನ ತರುವಾಯ ಯುದ್ಧಪ್ರಚಾರಕ್ಕೆ ಅವನೇ ಕ್ರೂರಿ, ಕಾಡುಮನುಷ್ಯ, ಕಪಿ! ಬಟ್ಟೆ ನೇಯ್ದ ಕೈಗಳು ಒಂದೇ ರಾತ್ರಿಯಲ್ಲಿ ಮೃಗದ ಪಂಜಗಳಾದುವೇ?

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ. 1937ರ ನಾನ್‌ಕಿಂಗಿನ ಹತ್ಯೆಗಳೂ, 1942-43ರಲ್ಲಿ ಸಯಾಮ್-ಬರ್ಮಾ ರೈಲುದಾರಿಯನ್ನು ಕಡಿಯುತ್ತ ಸತ್ತ ಕೈದಿಗಳೂ ಕೂಲಿಗಳೂ ಸುಳ್ಳೇ? ಖಂಡಿತ ಅಲ್ಲ. ಅವು ಘೋರ ಪಾತಕಗಳು. ಆಜ್ಞೆಯಿತ್ತವರೂ ನಡೆಸಿದವರೂ ದಂಡನಾರ್ಹರು. ಆದರೆ ಪಾತಕಕ್ಕೆ ಕರ್ತೃವುಂಟು, ಕುಲವಿಲ್ಲ. ಕಪಿಯೆಂದು ಜರೆದೊಡನೆ ಅಪರಾಧವು ಕರ್ತೃವಿನಿಂದ ಜಾರಿ ಕುಲದ ಮೇಲೆ ಬೀಳುವುದು. ಅಲ್ಲದೆ ಮೃಗಕ್ಕೆ ಧರ್ಮಾಧರ್ಮವಿವೇಕವೆಲ್ಲಿಯದು? ಹೀಗೆ ಈ ನಿಂದೆಯು ನಿರಪರಾಧಿಗೆ ಅನ್ಯಾಯವೂ ಹೌದು, ಅಪರಾಧಿಗೆ ಬಿಡುಗಡೆಯೂ ಹೌದು.

ಇನ್ನು, ಇದನ್ನು ಯಾರ ಮುಂದೆ ಆಡಿದರು? ಸ್ವಾಹಿಲಿಯಲ್ಲಿ ಅನಾಗರಿಕನಿಗೆ ‘ಮ್‌ಶೆಂಜಿ’ ಎಂಬ ಶಬ್ದವುಂಟು. ಬಿಳಿಯ ವಸಾಹತುಗಾರರು ಆ ಶಬ್ದದಿಂದ ಹೀನಾಯಿಸುತ್ತಿದ್ದುದು ಆಫ್ರಿಕನರನ್ನೇ. ಅದೇ ಹಳೆಯ ಅವಮಾನವನ್ನು ಜಪಾನೀಯರಿಗೆ ಹೊರಿಸಿ, 1944ರ ಮಳೆಗಾಲದಲ್ಲಿ 11ನೆಯ ಪೂರ್ವ ಆಫ್ರಿಕ ಡಿವಿಜನ್ನನ್ನು ಬರ್ಮಾದ ಕಬಾ ಕಣಿವೆಯ ಕೆಸರಿಗೆ ಇಳಿಸಿದರು. ನಿನ್ನೆಯವರೆಗೆ ಅನಾಗರಿಕನಾಗಿದ್ದವನು ಬಂದೂಕು ಹಿಡಿದ ಕೂಡಲೇ ನಾಗರಿಕನಾದನೆಂಬುದೇ ಆ ಬರಹಗಳ ಧ್ವನಿ.

ಕದನ ಮುಗಿದ ಮೇಲೆ ಆ ನಾಗರಿಕಪದವಿಯು ಉಳಿಯಿತೇ? ಅದೇ ಬರ್ಮಾದಲ್ಲಿ 81ನೆಯ ಮತ್ತು 82ನೆಯ ಡಿವಿಜನ್ನುಗಳಾಗಿ ಕಾದಿದ ಪಶ್ಚಿಮ ಆಫ್ರಿಕದವರ ಗತಿಯೇ ಉತ್ತರ. ಗೋಲ್ಡ್ ಕೋಸ್ಟಿನ ಆಕ್ರಾ ನಗರದಲ್ಲಿ 1948ರ ಫೆಬ್ರವರಿ 28ರಂದು ಮಾಜಿ ಸೈನಿಕರು ಗವರ್ನರರಿಗೆ ಮನವಿಯನ್ನು ಸಲ್ಲಿಸಲು ನಿರಾಯುಧರಾಗಿ ಹೊರಟಾಗ, ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಅಂದು ಅನಾಗರಿಕರು ಯಾರು?

ಮನುಷ್ಯನನ್ನು ಮೃಗವೆನ್ನುವ ಅಧಿಕಾರವನ್ನು ಆಳುವವರಿಗೆ ಒಮ್ಮೆ ಒಪ್ಪಿಸಿದವರು, ನಾಳೆ ಆ ಹೆಸರು ತಮ್ಮತ್ತಲೇ ತಿರುಗಿದಾಗ ಯಾವ ಬಾಯಿಂದ ತಡೆದಾರು? ಪತ್ರಿಕೆಗಳನ್ನೋದುವ ಮನೆಗಳು ಮರೆಯಬಾರದ ಮಾತಿದು.