ಅಂದೋಲಾ ಹೋಬಳಿಯ ಪಂಚಾಯಿತಿಗಳೂ ದತ್ತಕದ ಕೂಸುಗಳೂ

ದತ್ತಕವೆಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. ದಾಯಾದಿಯ ಮಗನನ್ನು ಮಡಿಲಿಗೆ ತೆಗೆದುಕೊಂಡು ಹೊಲಮನೆಗೆ ವಾರಸುದಾರನನ್ನಾಗಿ ಮಾಡುವ ರೂಢಿ ಹಳೆಯದು. ಹಿಂದೂಗಳ ಮಟ್ಟಿಗೆ 1956ರ ಕಾಯಿದೆ ಅದನ್ನು ಮಾನ್ಯಮಾಡಿ, ಹೆಣ್ಣುಕೂಸಿಗೂ ವಿಸ್ತರಿಸಿತು. ಆದರೆ ಆ ರೂಢಿಯಲ್ಲಿ ಮನೆತನವು ಮಗುವನ್ನು ಹುಡುಕುತ್ತದೆ. ದಿಕ್ಕಿಲ್ಲದ ಮಗುವಿಗೆ ಮನೆಯನ್ನು ಹುಡುಕುವವರು ಯಾರು?

ಗುಡಿಯ ಕಟ್ಟೆಯ ಮೇಲೆ ಸಿಕ್ಕ ಕೂಸನ್ನು ದೇವರು ಕೊಟ್ಟದ್ದೆಂದು ಎತ್ತಿಕೊಂಡು ಹೋಗುವವರ ಅಂತಃಕರಣವನ್ನು ನಾವು ಹಳಿಯೆವು. ಕಾಯಿದೆ ಮಾತ್ರ ಅದನ್ನು ಒಪ್ಪದು. 2015ರ ಬಾಲನ್ಯಾಯ ಕಾಯಿದೆಯಂತೆ ಅಂತಹ ಕೂಸನ್ನು 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸತಕ್ಕದ್ದು. ವಿಧಿ ಮೀರಿ ಕೊಟ್ಟವರಿಗೂ ಪಡೆದವರಿಗೂ 3 ವರ್ಷದವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ. ಇದು ಕ್ರೌರ್ಯವಲ್ಲ. ಹೆತ್ತವಳು ತಾನಾಗಿ ಸಮಿತಿಗೆ ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು 60 ದಿವಸ ಅವಳಿಗುಂಟು. ಹೊಟ್ಟೆಪಾಡಿಗಾಗಿ ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಗುಳೆ ಹೋಗುವ ಜನರ ನಾಡಿನಲ್ಲಿ ಈ 60 ದಿವಸಗಳ ಬೆಲೆಯನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. 2022ರ ಸೆಪ್ಟೆಂಬರದಿಂದ ದತ್ತಕದ ಹುಕುಮನ್ನು ಕೋರ್ಟಿನ ಬದಲು ಜಿಲ್ಲಾಧಿಕಾರಿಗಳೇ ಕೊಡುತ್ತಾರೆ. ಕೋರ್ಟಿಗೆ ಅಲೆಯುವ ಅಂಜಿಕೆಯೂ ತಪ್ಪಿದೆ.

ಹಾಗಾದರೆ ಗ್ರಾಮ ಪಂಚಾಯಿತಿಗಳಿಗೆ ಇಲ್ಲೇನು ಕೆಲಸ? ಕೂಸನ್ನು ಹಂಚುವ ಅಧಿಕಾರ ಅವಕ್ಕಿಲ್ಲ, ಇರಲೂ ಕೂಡದು. ದಾರಿ ತೋರಿಸುವ ಕೆಲಸವಿದೆ. ಒಂದು ಪಂಚಾಯಿತಿಗೆ ವರ್ಷದಲ್ಲಿ ಇಂತಹ ಪ್ರಸಂಗ ಒಂದು ಬಂದೀತು, ಬಾರದೆಯೂ ಹೋದೀತು. ಅಷ್ಟಕ್ಕಾಗಿ ಪ್ರತಿಯೊಂದೂ ನುರಿತವರನ್ನು ಇರಿಸಿಕೊಳ್ಳಲಾರದು. ಮಕ್ಕಳಿಗೆ ಮನೆ ಹುಡುಕುವ ಹೊಣೆಯನ್ನೇ ಹೊತ್ತಿರುವ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳೂ 2016ರ ಕಾಯಿದೆಯ ತರುವಾಯ ಪ್ರಾಂತವಾರು ಕೂಡಿಕೊಂಡಿವೆ. ಅಂದೋಲಾ ಹೋಬಳಿಯ ಪಂಚಾಯಿತಿಗಳೆಲ್ಲ ಕೂಡಿ ವಿಷಯ ಬಲ್ಲ ಒಬ್ಬ ಕಾರ್ಯಕರ್ತೆಯನ್ನು ಗೊತ್ತುಮಾಡಲಿ. ಕೂಸು ಸಿಕ್ಕಾಗ ಅದು ಯಾರ ಹದ್ದಿನದೆಂದು ವಾದಿಸುತ್ತ ಕೂಡದೆ ಆಕೆ 1098ಕ್ಕೆ ಸುದ್ದಿ ಮುಟ್ಟಿಸಲಿ. ಮಕ್ಕಳಿಲ್ಲದ ದಂಪತಿಗಳಿಗೆ ಕೇಂದ್ರ ದತ್ತು ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಲು, ಕಾಗದಪತ್ರ ಹೊಂದಿಸಲು ನೆರವಾಗಲಿ. ನಡುವೆ ಕೈಚಾಚುವ ದಲ್ಲಾಳಿಗಳಿಗೆ ಆಗ ಆಸ್ಪದವಿರದು. ಜೇವರ್ಗಿಯ ತಾಲೂಕು ಪಂಚಾಯಿತಿಯವರು ಮನಸ್ಸು ಮಾಡಿದರೆ ಒಂದೇ ಸಭೆಯಲ್ಲಿ ಇದು ತೀರ್ಮಾನವಾದೀತು.

ಆದರೆ ಕೂಸಿನ ಗುರುತಾಗಲಿ ಹೆತ್ತವಳ ಊರಾಗಲಿ ಯಾವ ಸಭೆಯಲ್ಲಿಯೂ ಚರ್ಚೆಗೆ ಬರಕೂಡದು. ಪತ್ರಿಕೆಗಳಿಗೆ ಕಾಯಿದೆ ಈ ಕಟ್ಟು ಹಾಕಿದೆ, ನಾವು ಅದಕ್ಕೆ ಬದ್ಧರು. ಅಗಸಿಕಟ್ಟೆಯ ಮಾತಿಗೆ ಅದೇ ಕಟ್ಟನ್ನು ಊರ ಹಿರಿಯರೇ ಹಾಕಬೇಕು.