ಕಾಲಾಳಿನ ಮುಖ

ಕಳೆದ ಬೇಸಗೆಯಲ್ಲಿ ನಾವು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದು ಬಂದೆವು. ಆ ಊರಿನ ಕೋಟೆಯನ್ನು ಕುರಿತೋ ರಾಬಿನ್ ಹುಡ್ಡನ ಕಥೆಗಳನ್ನು ಕುರಿತೋ ಈ ತಿಂಗಳು ಬರೆಯುವೆವೆಂದು ನಿರೀಕ್ಷಿಸಿದ ವಾಚಕರು ನಮ್ಮನ್ನು ಕ್ಷಮಿಸಬೇಕು. ಅಲ್ಲಿ ಕಂಡ ವಸ್ತುಗಳೊಳಗೆ ನಮ್ಮ ಮನಸ್ಸಿನಲ್ಲಿ ನಿಂತುದು ಒಂದು ಅಂಗುಲಕ್ಕಿಂತ ತುಸುವೇ ಎತ್ತರವಾದ ಒಂದು ಬೊಂಬೆ.

ನಮ್ಮ ಮೊಮ್ಮಗನಿಗೆ ಹನ್ನೆರಡು ವರ್ಷ. ಶಾಲೆಯಿಂದ ಬಂದೊಡನೆ ಅವನು ಊಟದ ಮೇಜಿನ ಒಂದು ಮೂಲೆಯಲ್ಲಿ ಹಳೆಯ ವೃತ್ತಪತ್ರಿಕೆಯನ್ನು ಹಾಸಿ, ಬಣ್ಣದ ಸೀಸೆಗಳನ್ನೂ ಕುಂಚಗಳನ್ನೂ ಹರಡಿಕೊಂಡು ಕುಳಿತುಬಿಡುವನು. ಜಪಾನಿನ ಸಮುರಾಯಿ ಯೋಧರ ಬೊಂಬೆಗಳಿಗೆ ಬಣ್ಣ ಹಚ್ಚುವುದು ಅವನ ಕೆಲಸ. ಬೊಂಬೆಗಳು ಸಿದ್ಧವಾದ ಮೇಲೆ ಅದೇ ಮೇಜಿನ ಮೇಲೆ ಕಾಗದದ ಮನೆಗಳನ್ನೂ ಬಿದಿರುಮೆಳೆಗಳನ್ನೂ ನಿಲ್ಲಿಸಿ, ಅಳತೆಪಟ್ಟಿಯಿಂದ ನಡೆಯನ್ನು ಅಳೆದು, ದಾಳ ಹಾಕಿ, ಗೆಳೆಯರೊಡನೆ ಸಣ್ಣದೊಂದು ಕಾಳಗವನ್ನು ಆಡುವನು. ಈ ಬಗೆಯ ಆಟ ಹೊಸದೇನೂ ಅಲ್ಲ. ಎಚ್. ಜಿ. ವೆಲ್ಸ್ ಮಹಾಶಯನು 1913ರಲ್ಲಿಯೇ ಬೊಂಬೆ ಸಿಪಾಯಿಗಳ ಯುದ್ಧಕ್ಕೆ ನಿಯಮಗಳನ್ನು ರಚಿಸಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದ್ದನು. ಇಂದು ನಾಟಿಂಗ್‌ಹ್ಯಾಮ್ ಈ ಉದ್ಯಮಕ್ಕೆ ತವರೂರಿನಂತಿದೆ. ನಮ್ಮ ಹುಡುಗನು ಆಡುವ ‘ಟೆಸ್ಟ್ ಆಫ್ ಆನರ್’ ಎಂಬ ಆಟವೂ 2017ರಲ್ಲಿ ಅಲ್ಲಿನ ವಾರ್ಲಾರ್ಡ್ ಗೇಮ್ಸ್ ಸಂಸ್ಥೆಯಿಂದಲೇ ಮೊದಲು ಹೊರಬಂದುದು.

ಮೊದಲು ನಾವಿದನ್ನು ಹುಡುಗಾಟವೆಂದು ಬಗೆದೆವು. ಪಕ್ಕದಲ್ಲಿ ಕುಳಿತು ನೋಡಿದ ಮೇಲೆ ಇದೊಂದು ವಿದ್ಯೆಯೆಂದು ಒಪ್ಪಬೇಕಾಯಿತು. ತಲೆ ಬೇರೆ, ತೋಳು ಬೇರೆಯಾಗಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ, ಅಚ್ಚಿನ ಗೆರೆಯನ್ನು ಚಾಕುವಿನಿಂದ ಹೆರೆದು, ಅಂಟಿನಿಂದ ಜೋಡಿಸಬೇಕು. ಬಿರಡೆಯ ಮೇಲೆ ನಿಲ್ಲಿಸಿಕೊಂಡರೆ ಬೊಂಬೆಯನ್ನು ಮುಟ್ಟದೆಯೇ ತಿರುಗಿಸಬಹುದು. ಮೇಲಿನ ಬಣ್ಣ ಕಚ್ಚಿ ನಿಲ್ಲುವುದಕ್ಕಾಗಿ ಮೊದಲು ಕಪ್ಪು ಇಲ್ಲವೆ ಬೂದುಬಣ್ಣದ ಒಂದು ಲೇಪ. ಸೀಸೆಯ ಬಣ್ಣವನ್ನು ಹಾಗೆಯೇ ಹಚ್ಚಿದರೆ ದಪ್ಪನಾಗಿ ಕುಳಿತು ಮೂಗು ಬಾಯಿಗಳು ಮುಚ್ಚಿಹೋಗುವುವು. ಆದಕಾರಣ ನೀರು ಬೆರಸಿ ತೆಳ್ಳಗೆ ಎರಡು ಸಲ ಹಚ್ಚಬೇಕು. ಅದು ಆರಿದ ಬಳಿಕ ಶಾಯಿಯಂತಹ ಕಪ್ಪುನೀರನ್ನು ಬಿಟ್ಟರೆ ಸಂದುಗಳಿಗೆ ಇಳಿದು ನೆರಳಾಗುವುದು. ಕುಂಚವನ್ನು ಬಟ್ಟೆಗೆ ಒರಸಿ, ಉಳಿದ ಅಲ್ಪ ಬಣ್ಣವನ್ನು ಉಬ್ಬುಗಳ ಮೇಲೆ ಸವರಿದರೆ ಬೆಳಕಾಗುವುದು. ಒಂದು ಲೇಪ ಆರುವ ಮೊದಲೇ ಇನ್ನೊಂದಕ್ಕೆ ಕೈಹಾಕಿದವನ ಕೆಲಸ ಕೆಟ್ಟಿತೆಂದೇ ತಿಳಿಯಬೇಕು.

ಹುಡುಗನು ತನ್ನ ಪಡೆಯ ನಾಯಕನಿಗೆ ಎಂಟು ಸಂಜೆಗಳನ್ನು ಕೊಟ್ಟನು. ಜಪಾನಿನ ಕವಚವು ಅರಗುಬಣ್ಣ ಬಳಿದ ಕಬ್ಬಿಣದ ಅಥವಾ ತೊಗಲಿನ ಪಟ್ಟಿಗಳನ್ನು ದಾರದಿಂದ ಸಾಲುಸಾಲಾಗಿ ಹೆಣೆದುದು. ಆ ಸಾಲುಗಳೊಂದೊಂದನ್ನೂ ಅವನು ಸೂಜಿಮೊನೆಯಂತಹ ಕುಂಚದಿಂದ, ಉಸಿರು ಬಿಗಿಹಿಡಿದು ಬರೆದನು. ಬಾವುಟದ ಮೇಲೆ ಒಂದು ಚೀನೀ ಅಕ್ಷರವನ್ನು ಬರೆಯುವಾಗ ಇದೇನೆಂದು ಕೇಳಿದೆವು. ಉಎಸುಗಿ ಕೆನ್‌ಶಿನ್ (1530–1578) ಎಂಬ ದೊರೆಯ ಧ್ವಜಾಕ್ಷರವಂತೆ. ಅವನ ಇಷ್ಟದೈವವಾದ ಬಿಶಾಮೊನ್ ಎಂಬಾತನ ಹೆಸರಿನ ಮೊದಲಕ್ಷರವಂತೆ. ಬಿಶಾಮೊನ್ ಬೇರೆ ಯಾರೂ ಅಲ್ಲ, ಉತ್ತರದಿಕ್ಕನ್ನು ಕಾಯುವ ನಮ್ಮ ವೈಶ್ರವಣನೇ! ಬೌದ್ಧಧರ್ಮದೊಡನೆ ಚೀನಾದ ಮಾರ್ಗವಾಗಿ ಹೋದ ಕುಬೇರನು ಜಪಾನಿನಲ್ಲಿ ಕವಚ ತೊಟ್ಟು ಯೋಧರ ದೈವವಾಗಿದ್ದನು. ನಮ್ಮ ಸಂತೋಷಕ್ಕೆ ಪಾರವಿಲ್ಲದಾಯಿತು. ವೈಶ್ರವಣ ಶಬ್ದದ ತದ್ಧಿತ ಪ್ರತ್ಯಯವನ್ನು ಕುರಿತು ಅರ್ಧಗಂಟೆ ವ್ಯಾಖ್ಯಾನ ಮಾಡಿದೆವು. ಹುಡುಗನು ತಾಳ್ಮೆಯಿಂದ ಕೇಳಿದನು.

ಮರುದಿನ ಕಾಲಾಳುಗಳ ಸರದಿ. ಇವರನ್ನು ಅಶಿಗರು ಎನ್ನುವರು. ‘ಹಗುರಗಾಲಿನವರು’ ಎಂದು ಶಬ್ದಾರ್ಥ. ಉದ್ದನೆಯ ಈಟಿಯನ್ನೋ, 1543ರಲ್ಲಿ ಪೋರ್ಚುಗೀಸರಿಂದ ಬಂದ ಬತ್ತಿಯ ಬಂದೂಕವನ್ನೋ ಹಿಡಿದು ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಇವರಲ್ಲಿ ಅನೇಕರಿಗೆ ಮೈಮೇಲಿನ ಕವಚವೂ ಒಡೆಯನು ಎರವಲು ಕೊಟ್ಟುದೇ. ಹುಡುಗನು ಹತ್ತು ಕಾಲಾಳುಗಳನ್ನು ಒಂದು ಮರದ ಪಟ್ಟಿಗೆ ಸಾಲಾಗಿ ಅಂಟಿಸಿ, ಎಲ್ಲರ ಮೇಲೂ ಒಂದೇ ಕಂದುಬಣ್ಣವನ್ನು ಎಳೆದು ಒಂದೇ ಸಂಜೆಯಲ್ಲಿ ಮುಗಿಸಿದನು. ಮುಖಗಳನ್ನು ಬರೆಯಲೇ ಇಲ್ಲ. ಏಕಪ್ಪ ಹೀಗೆ ಎಂದು ಕೇಳಿದೆವು.

“ತಾತ, ಇವರೆಲ್ಲ ಹೇಗಿದ್ದರೂ ಮೊದಲು ಸಾಯುವವರು. ಇವರನ್ನು ಯಾರು ನೋಡುತ್ತಾರೆ?” ಎಂದನು.

ಈ ಮಾತು ನಮಗೆ ನಾಟಿತು. ಅದಕ್ಕೆ ಕಾರಣವುಂಟು. ನಾವು ನಿವೃತ್ತರಾದ ದಿನ ಶಾಲೆಯಲ್ಲಿ ಬೀಳ್ಕೊಡುಗೆಯ ಸಭೆ ನಡೆಯಿತು. ನಾವು ಹೆಮ್ಮೆಪಡುವ ಶಿಷ್ಯರೆಲ್ಲ ಬಂದಿದ್ದರು. ಅವರ ಅಂಕಗಳು ಸಹ ನಮಗೆ ಬಾಯಿಪಾಠವಾಗಿದ್ದುವು. ಸಭೆ ಮುಗಿದ ಮೇಲೆ ನಲವತ್ತರ ಪ್ರಾಯದವನೊಬ್ಬನು ಚೀಲದ ತುಂಬ ತೆಂಗಿನಕಾಯಿಗಳನ್ನು ಹೊತ್ತುತಂದು ನಮಗೆ ನಮಸ್ಕರಿಸಿದನು. ಯಾರೆಂದು ತಿಳಿಯಲಿಲ್ಲ. “ಮೂರು ವರ್ಷ ತಮ್ಮ ತರಗತಿಯಲ್ಲಿದ್ದೆ ಮೇಷ್ಟ್ರೇ. ಪರವಾಗಿಲ್ಲ ಬಿಡಿ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ” ಎಂದನು. ನಾವು ಹೆಸರನ್ನು ಕೇಳಿದೆವು, ಅವನು ಹೇಳಿದನು, ಮನೆ ಸೇರುವಷ್ಟರಲ್ಲಿ ಮರೆತಿದ್ದೆವು. ಆ ಕಾಯಿಗಳು ಮಾತ್ರ ನಮ್ಮ ಅಡಿಗೆಯ ಮನೆಯಲ್ಲಿ ಎರಡು ತಿಂಗಳು ನಡೆದುವು.

ಇದನ್ನು ಹುಡುಗನಿಗೆ ಹೇಳಲಿಲ್ಲ. “ಇವರಲ್ಲಿ ಒಬ್ಬನನ್ನು ನಮಗೆ ಕೊಡು” ಎಂದು ಕೇಳಿ, ಕನ್ನಡಕದ ಮೇಲೆ ಭೂತಗನ್ನಡಿಯನ್ನು ಹಿಡಿದು ಕುಳಿತೆವು. ಮುಖಕ್ಕೆ ಬಣ್ಣ ಸರಿಯಾಗಿಯೇ ಕುಳಿತಿತು. ಕಣ್ಣಿಗೆ ಬಿಳಿಯ ಚುಕ್ಕೆ ಇಡುವಾಗ ಕೈ ನಡುಗಿತು. ಕಣ್ಣು ಬೇಕಾದುದಕ್ಕಿಂತ ದೊಡ್ಡದಾಗಿ, ಆ ಬಡಪಾಯಿ ಏನನ್ನೋ ಕಂಡು ಬೆದರಿದವನಂತೆ ಆದನು. ಹುಡುಗನು ನಕ್ಕನು. ಒರಸಿಬಿಡುವೆವೆಂದಾಗ ಅವನೇ ತಡೆದು, “ಬೇಡ ತಾತ, ಯುದ್ಧಕ್ಕೆ ಹೋಗುವವನಿಗೆ ಹೆದರಿಕೆ ಆಗುವುದಿಲ್ಲವೆ?” ಎಂದನು.

ಅನಂತರ ಅವನು ತನ್ನ ಪುಸ್ತಕವೊಂದನ್ನು ತಂದು ಒಂದು ಹಳೆಯ ಧ್ವಜದ ಚಿತ್ರವನ್ನು ತೋರಿಸಿ ಕಥೆಯನ್ನು ಹೇಳತೊಡಗಿದನು. 1575ರಲ್ಲಿ ತಕೆದ ಕತ್ಸುಯೋರಿಯ ಸೈನ್ಯವು ನಾಗಶಿನೊ ಕೋಟೆಯನ್ನು ಮುತ್ತಿದಾಗ ಒಳಗೆ ದವಸ ಮುಗಿಯುತ್ತ ಬಂದಿತ್ತು. ತೊರಿಇ ಸುನೆಎಮೊನ್ ಎಂಬ ಕೆಳದರ್ಜೆಯ ಆಳು ರಾತ್ರಿ ನದಿಗೆ ಇಳಿದು, ಶತ್ರುಗಳ ಕಾವಲನ್ನು ದಾಟಿ, ಒಕಝಾಕಿಯಲ್ಲಿದ್ದ ತೊಕುಗಾವ ಇಎಯಸುವಿಗೆ ಸುದ್ದಿ ಮುಟ್ಟಿಸಿದನು. ನೆರವು ಬರುವುದೆಂಬ ಮಾತನ್ನು ಹೊತ್ತು ಮರಳುವಾಗ ಸೆರೆಸಿಕ್ಕನು. “ನೆರವು ಬಾರದು, ಶರಣಾಗಿರಿ ಎಂದು ಕೋಟೆಯವರಿಗೆ ಕೂಗಿ ಹೇಳಿದರೆ ಜೀವ ಉಳಿಸುವೆವು” ಎಂದು ಶತ್ರುಗಳು ಆಸೆ ತೋರಿದರು. ಅವನು ಒಪ್ಪಿದವನಂತೆ ಮುಂದೆ ಬಂದು, ನೆರವು ಬರುತ್ತಿದೆ, ಧೈರ್ಯವಾಗಿರಿ ಎಂದು ಕೂಗಿದನು. ಅವನನ್ನು ಮರಕ್ಕೆ ಕಟ್ಟಿ ಕೊಂದರು. ನೆರವು ಬಂದಿತು, ಕೋಟೆ ಉಳಿಯಿತು. ಶತ್ರುಪಕ್ಷದ ಒಚಿಯಾಯಿ ಎಂಬ ಯೋಧನೇ ಆ ಸಾಮಾನ್ಯನ ಧೈರ್ಯಕ್ಕೆ ಮಾರುಹೋಗಿ, ಕಟ್ಟುಬಿದ್ದ ಅವನ ರೂಪವನ್ನು ತನ್ನ ಧ್ವಜದ ಮೇಲೆ ಬರೆಯಿಸಿಕೊಂಡನು. ಆ ಚಿತ್ರದಲ್ಲಿ ಅವನ ಕಣ್ಣುಗಳು ಅಗಲವಾಗಿ ತೆರೆದಿವೆ.

ಕಥೆ ಮುಗಿಸಿದ ಹುಡುಗನು ಪಟ್ಟಿಯ ಮೇಲಿನ ಒಂಬತ್ತು ಮಂದಿಯನ್ನು ಒಮ್ಮೆ ನೋಡಿದನು, ಏನನ್ನೂ ಹೇಳಲಿಲ್ಲ. ನಾವು ಹೊರಡುವ ವೇಳೆಗೆ ಅವರಲ್ಲಿ ನಾಲ್ವರಿಗೆ ಮುಖ ಬಂದಿತ್ತು. ಒಬ್ಬನಿಗೆ ನರೆಗಡ್ಡ, ಒಬ್ಬನ ತೋಳಿಗೆ ತೇಪೆ. ಉಳಿದ ಐವರು ಕಂದುಬಣ್ಣದಲ್ಲಿಯೇ ಇದ್ದರು. ಹುಡುಗನಿಗೆ ಪರೀಕ್ಷೆಯೂ ಇತ್ತು.

ಗೃಹಸ್ಥರಾದ ವಾಚಕರಿಗೆ ನಾವು ಉಪದೇಶ ಮಾಡಲು ಹೊರಟಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಮೆಡಲು ತಂದವನ ಕಡೆಗೆ ಕಣ್ಣು ಹೋಗುವುದು ಸಹಜ. ಆದರೆ ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿದವರಿಗೆ ಅಷ್ಟು ಮಾತ್ರದ ಸಮಾಧಾನ ಸಾಲದು. ನಮ್ಮ ಬೆದರುಗಣ್ಣಿನ ಕಾಲಾಳು ಈಗ ಇಲ್ಲಿಯೇ, ಅಮರಕೋಶದ ಪಕ್ಕದಲ್ಲಿ ನಿಂತಿದ್ದಾನೆ. ಊರಿಗೆ ಬಂದ ವಾರದಲ್ಲಿಯೇ ಶಾಲೆಗೆ ಹೋಗಿ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆಯಿಸಿ, ಜೊತೆಯ ಉಪಾಧ್ಯಾಯರನ್ನೂ ವಿಚಾರಿಸಿ, ತೆಂಗಿನಕಾಯಿ ತಂದಾತನ ಹೆಸರನ್ನು ತಿಳಿದುಕೊಂಡೆವು. ಅವನಿಗೊಂದು ಕಾಗದ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.