ನರ್ಸಿಂಗ್ ಓದುವ ನಮ್ಮ ಮಕ್ಕಳಿಗೆ ಈ ಪಾಠವೂ ಬೇಕು

ಗಂಗೊಳ್ಳಿ, ಕೋಡಿ, ಕಂಡ್ಲೂರು, ಶಿರೂರು ಕಡೆಯ ನಮ್ಮ ಹೆಣ್ಣುಮಕ್ಕಳು ಪಿಯುಸಿ ಮುಗಿಸಿ ನರ್ಸಿಂಗ್‌ಗೆ ಹೋಗುತ್ತಿದ್ದಾರೆ. ಅಲ್‌ಹಮ್ದುಲಿಲ್ಲಾಹ್, ಸಂತೋಷದ ವಿಷಯ. ಹೆರಿಗೆ ಮಾಡಿಸುವುದು, ಬಾಣಂತಿ ಆರೈಕೆ, ಮಗುವಿನ ಚುಚ್ಚುಮದ್ದು ಎಲ್ಲ ಕಲಿಯುತ್ತಾರೆ. ಅತ್ಯಾಚಾರಕ್ಕೆ ಒಳಗಾದ ಹೆಣ್ಣೊಬ್ಬಳು ವಾರ್ಡಿಗೆ ಬಂದರೆ ಏನು ಮಾಡಬೇಕು ಎಂಬುದನ್ನೂ ಅವರಿಗೆ ಅಷ್ಟೇ ಚೆನ್ನಾಗಿ ಕಲಿಸಬೇಕು. ಮುಜುಗರದ ವಿಷಯ ಅಂತ ಬದಿಗಿಡುವುದು ಸರಿಯಲ್ಲ.

ಇಂಥವಳು ನೇರ ಪೊಲೀಸ್ ಠಾಣೆಗೆ ಹೋಗುವುದು ಕಡಿಮೆ. ಹೊಟ್ಟೆನೋವು, ಮುಟ್ಟು ನಿಂತಿದೆ ಎಂದು ಉಮ್ಮನ ಜೊತೆ ಆಸ್ಪತ್ರೆಗೆ ಬರುತ್ತಾಳೆ. ಕೆಲವರು ವರ್ಷಗಳ ನಂತರ ಹೆರಿಗೆಗೆ ಬಂದಾಗ ಒಳಪರೀಕ್ಷೆ ಎಂದರೆ ನಡುಗುತ್ತಾರೆ. ಕಲಿಯದ ನರ್ಸ್, "ಇಷ್ಟಕ್ಕೆಲ್ಲ ಯಾಕೆ ಅಳ್ತೀ?" ಅಂತ ಗದರಿಸಿಬಿಡಬಹುದು. ಕಲಿತವಳು ಮುಟ್ಟುವ ಮೊದಲು ಕೇಳುತ್ತಾಳೆ, ಏನು ಮಾಡುತ್ತೇನೆಂದು ಹೇಳುತ್ತಾಳೆ, "ಬೇಡ" ಅಂದರೆ ಕೈ ತೆಗೆಯುತ್ತಾಳೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಅವಳ ಮಾತು ಕೇಳುತ್ತಾಳೆ. ಬ್ಯಾರಿ ಭಾಷೆಯಲ್ಲೇ ಹೇಳಿಕೊಳ್ಳಲು ಒಬ್ಬಳು ಸಿಕ್ಕರೆ ಆ ಹುಡುಗಿಗೆ ಎಷ್ಟು ಧೈರ್ಯ!

ಕಾನೂನು ಸ್ಪಷ್ಟವಾಗಿದೆ. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸರಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು. ಎಫ್‌ಐಆರ್ ತಂದರೆ ಮಾತ್ರ ಎನ್ನುವಂತಿಲ್ಲ. 'ಎರಡು ಬೆರಳಿನ ಪರೀಕ್ಷೆ' ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿತು, ವೈದ್ಯಕೀಯ ಪಠ್ಯವನ್ನು ಪರಿಶೀಲಿಸಲೂ ಸೂಚಿಸಿತು. ಆ ಸೂಚನೆಯ ಆಶಯ ಹೆರಿಗೆ ಕೋಣೆಯಲ್ಲಿ ನಿಲ್ಲುವ ವಿದ್ಯಾರ್ಥಿನಿಯ ತನಕ ತಲುಪಬೇಕು. ಬಂದವಳಿಗೆ 18 ತುಂಬಿಲ್ಲವಾದರೆ ಪೋಕ್ಸೊ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು ಎಂಬುದೂ ಅವಳಿಗೆ ಗೊತ್ತಿರಬೇಕು.

ನರ್ಸ್ ಎಷ್ಟು ಕಲಿತರೂ ನಾವು ಮಗಳನ್ನು ಸಮಯಕ್ಕೆ ಕರೆತರದಿದ್ದರೆ ಏನು ಪ್ರಯೋಜನ? ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ದೇಹದಿಂದ ಸಾಕ್ಷ್ಯದ ಮಾದರಿ ಸಿಗುವುದು ಹೆಚ್ಚೆಂದರೆ 96 ಗಂಟೆಯವರೆಗೆ. ನಾವೋ, ಮರ್ಯಾದೆ ಹೋಗುತ್ತದೆ ಎಂದು ಕಾಕ, ಮಾಮಂದಿರನ್ನು ಕರೆದು ಮೂರು ದಿನ ಮನೆಯೊಳಗೇ ಪಂಚಾತಿಗೆ ಮಾಡುತ್ತೇವೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಬಲವಂತಕ್ಕೆ ಒಳಗಾದವಳ ಮೇಲೆ ಪಾಪವಿಲ್ಲ ಎಂದು ಮದ್ರಸದಲ್ಲಿ ನಾವೇ ಪಾಠ ಮಾಡುತ್ತೇವೆ. ಪರಿಶುದ್ಧ ಸ್ತ್ರೀಯ ಮೇಲೆ ಸಾಕ್ಷಿಯಿಲ್ಲದೆ ಅಪವಾದ ಹೊರಿಸುವವರಿಗೆ ಸೂರಃ ಅನ್ನೂರ್ 80 ಛಡಿಯೇಟು ವಿಧಿಸಿದೆ. ಆದರೂ ಊರಿನ ಬಾಯಿ ಮೊದಲು ಹೋಗುವುದು ಹುಡುಗಿಯ ಮೇಲೇ. ಪ್ರವಾದಿ (ಸ) ಅವರ ಕಾಲದಲ್ಲಿ ರುಫೈದಾ (ರ) ಗುಡಾರ ಹಾಕಿ ಗಾಯಾಳುಗಳನ್ನು ಆರೈಕೆ ಮಾಡಿದರು. ನಮ್ಮ ನರ್ಸಿಂಗ್ ಮಕ್ಕಳು ಹಿಡಿದಿರುವುದು ಅದೇ ದಾರಿ. ಕಣ್ಣಿಗೆ ಕಾಣದ ಗಾಯಕ್ಕೂ ಅವರ ಕೈ ತಯಾರಿರಲಿ.

ಕಾಲೇಜಿನವರಲ್ಲಿ ನಮ್ಮ ವಿನಂತಿ: ಹೆರಿಗೆ ವಾರ್ಡಿಗೆ ಕಳಿಸುವ ಮೊದಲು ಮಹಿಳಾ ವೈದ್ಯರು, ಸಖಿ ಕೇಂದ್ರದ ಆಪ್ತಸಮಾಲೋಚಕರನ್ನು ಕರೆಸಿ ಇದನ್ನು ಅಭ್ಯಾಸ ಮಾಡಿಸಿ. ಜಮಾಅತಿನವರಲ್ಲಿ: ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಈ ಎರಡು ನಂಬರ್ ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಬರೆಸಿ. ಮಗಳು ಬಾಯಿಬಿಟ್ಟ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಮರ್ಯಾದೆಯ ಮಾತು ಆಮೇಲೆ ಆಡೋಣ.